ಪರವಾನಗಿಯಲ್ಲಿ ಯಾರ ಹೆಸರಿದೆ?

(ಹೊಸಪೇಟೆಯಲ್ಲಿ ನಡೆದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ. ಹಂಪಿ, ಸಂಡೂರು ಮತ್ತು ಕಂಪ್ಲಿಯ ಕುಟುಂಬಗಳೂ ಇದರಲ್ಲಿ ಪಾಲ್ಗೊಂಡಿದ್ದವು.)



ಗಲ್ಫ್ ಎಂಬ ಪದಕ್ಕೆ ನಮ್ಮ ಊರುಗಳಲ್ಲಿ ಬಹುಕಾಲ ಇದ್ದದ್ದು ಒಂದೇ ಅರ್ಥ, ವೀಸಾ. ಚಾಲಕನಾಗಿಯೋ ಎಲೆಕ್ಟ್ರಿಷಿಯನ್ ಆಗಿಯೋ ಅಂಗಡಿಯ ನೌಕರನಾಗಿಯೋ ಹೋಗುವುದು, ತಿಂಗಳಿಗೊಮ್ಮೆ ಹಣ ಕಳುಹಿಸುವುದು, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುವುದು. ಇತ್ತೀಚಿನ ವರ್ಷಗಳಲ್ಲಿ ಅದರೊಂದಿಗೆ ಇನ್ನೊಂದು ಪದ ಸೇರಿಕೊಂಡಿದೆ, ಅದು ಕಂಪೆನಿ. ಶುಚಿತ್ವದ ಸೇವೆ, ಎ.ಸಿ. ದುರಸ್ತಿ, ಕಟ್ಟಡ ನಿರ್ವಹಣೆ, ಟೈಪಿಂಗ್ ಕಚೇರಿ, ಪ್ರವಾಸ ಏಜೆನ್ಸಿ ಹೀಗೆ ಸೇವಾ ಕ್ಷೇತ್ರದ ಸಣ್ಣ ಕಂಪೆನಿಗಳನ್ನು ಅಲ್ಲಿ ತೆರೆಯುವ ಉತ್ಸಾಹ ನಮ್ಮ ಯುವಕರಲ್ಲಿ ಮೂಡಿದೆ. ಅದು ಸಂತೋಷದ ವಿಷಯ. ಪರರ ಕೈಕೆಳಗೆ ದುಡಿಯುವವನು ಸ್ವಂತ ಉದ್ಯಮದ ಕನಸು ಕಾಣುವುದನ್ನು ಇಸ್ಲಾಮ್ ಎಂದೂ ಕಡೆಗಣಿಸಿಲ್ಲ.

ಆದರೆ ಆ ಕಂಪೆನಿಗೆ ಬಂಡವಾಳ ಎಲ್ಲಿಂದ ಬರುತ್ತದೆ? ಮದುವೆಗೆಂದು ಕೂಡಿಟ್ಟ ಮಗಳ ಚಿನ್ನದಿಂದ, ಕಂಪ್ಲಿಯ ಕಾಲುವೆ ಬದಿಯ ಒಂದೆರಡು ಎಕರೆ ಗದ್ದೆಯಿಂದ, ವಿಧವೆಯಾದ ಅತ್ತಿಗೆಗೆ ಬಂದ ವಿಮೆಯ ಮೊತ್ತದಿಂದ. ಈ ಹಣ ಬಹುತೇಕ ಸಂದರ್ಭಗಳಲ್ಲಿ ಫೋನಿನ ಒಂದು ಮಾತಿನ ಮೇಲೆ ಹೋಗುತ್ತದೆ. ‘ಅಲ್ಲಿ ನಮ್ಮ ಹೆಸರಿನಲ್ಲಿ ಆಗುವುದಿಲ್ಲ ಭಾಬಿ, ಕಫೀಲನ ಹೆಸರಿನಲ್ಲೇ ಇರಬೇಕು, ನೀವು ಚಿಂತಿಸಬೇಡಿ, ನಾನಿದ್ದೇನೆ’ ಎಂಬ ಮಾತು. ಇಂದು ನಾನು ಹೇಳಬೇಕಾದದ್ದು ಮುಖ್ಯವಾಗಿ ಇದನ್ನೇ. ಆ ಮಾತು ಒಂದು ಕಾಲದಲ್ಲಿ ಬಹುಮಟ್ಟಿಗೆ ನಿಜವಾಗಿತ್ತು. ಈಗ ಅದು ನಿಜವಲ್ಲ.

ಹಿಂದಿನ ಪರಿಸ್ಥಿತಿ ಏನಿತ್ತೆಂಬುದನ್ನು ತಿಳಿಯೋಣ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಅಂದರೆ ಯುಎಇಯಲ್ಲಿ, ಮುಕ್ತ ವಲಯಗಳ ಹೊರಗೆ ಸೀಮಿತ ಹೊಣೆಗಾರಿಕೆಯ ಕಂಪೆನಿ ತೆರೆಯಬೇಕಿದ್ದರೆ ಶೇ. 51ರಷ್ಟು ಪಾಲು ಆ ದೇಶದ ಪ್ರಜೆಯ ಹೆಸರಿನಲ್ಲಿ ಇರಬೇಕಿತ್ತು. ಹಣ ಹಾಕುವವನು ಭಾರತೀಯ, ದುಡಿಯುವವನು ಭಾರತೀಯ, ಕಾಗದದಲ್ಲಿ ದೊಡ್ಡ ಒಡೆಯ ಮಾತ್ರ ಅರಬ್ ಪ್ರಜೆ. ಆತನಿಗೆ ವರ್ಷಕ್ಕೆ ಇಂತಿಷ್ಟು ಎಂದು ಶುಲ್ಕ ಕೊಟ್ಟು, ನಿಜವಾದ ಒಡೆತನ ನಮ್ಮದೇ ಎಂದು ಇನ್ನೊಂದು ಒಳ ಕರಾರು ಬರೆಸಿಕೊಳ್ಳುವ ಪದ್ಧತಿ ಬೆಳೆಯಿತು. ಈ ಒಳ ಕರಾರು ನ್ಯಾಯಾಲಯದಲ್ಲಿ ಎಷ್ಟು ನಿಲ್ಲುತ್ತದೆ ಎಂಬ ಭಯ ಯಾವಾಗಲೂ ಇತ್ತು. ಮರೆಮಾಚಿದ ಒಡೆತನದ ವ್ಯಾಪಾರದ ವಿರುದ್ಧ ಯುಎಇ 2004ರಲ್ಲೇ ಕಾನೂನು ರೂಪಿಸಿತ್ತು. ಜಾರಿ ಬಿಗಿಯಾಗಿರಲಿಲ್ಲ ಎಂಬುದು ಬೇರೆ ಮಾತು.

ಇಲ್ಲಿ ಒಂದು ಸೂಕ್ಷ್ಮವಿದೆ. ವೃತ್ತಿಪರ ಸೇವೆಗಳ ಪರವಾನಗಿಗೆ ಆಗಲೂ ಶೇ. 51ರ ನಿಯಮ ಇರಲಿಲ್ಲ. ಸಲಹೆಗಾರ, ಲೆಕ್ಕಪರಿಶೋಧಕ ಮುಂತಾದವರು ಪೂರ್ಣ ಒಡೆತನ ಹೊಂದಬಹುದಿತ್ತು. ಅವರಿಗೆ ಬೇಕಿದ್ದುದು ‘ಸ್ಥಳೀಯ ಸೇವಾ ಪ್ರತಿನಿಧಿ’ ಮಾತ್ರ. ಆತನಿಗೆ ಕಂಪೆನಿಯಲ್ಲಿ ಪಾಲೇ ಇಲ್ಲ, ಸರಕಾರಿ ಕಚೇರಿಗಳ ಕೆಲಸ ಮಾಡಿಕೊಟ್ಟು ವಾರ್ಷಿಕ ಶುಲ್ಕ ಪಡೆಯುತ್ತಾನೆ. ಪಾಲುದಾರ ಪ್ರಾಯೋಜಕ ಮತ್ತು ಪಾಲಿಲ್ಲದ ಪ್ರತಿನಿಧಿ, ಈ ಇಬ್ಬರನ್ನೂ ನಮ್ಮವರು ‘ಕಫೀಲ್’ ಎಂದೇ ಕರೆದರು. ಒಂದೇ ಪದದಲ್ಲಿ ಎರಡು ವ್ಯವಸ್ಥೆಗಳು ಬೆರೆತುಹೋದವು. ಊರಿನಲ್ಲಿ ಹಣ ಕೊಟ್ಟವನಿಗೆ ಯಾವುದು ಯಾವುದೆಂದು ಗೊತ್ತಾಗಲೇ ಇಲ್ಲ.

ಇದಕ್ಕಿಂತಲೂ ಕೆಟ್ಟ ಪರಿಣಾಮವೊಂದಾಯಿತು. ಅರಬ್ ಪ್ರಜೆಯ ಹೆಸರಿನ ಹಿಂದೆ ನಮ್ಮ ಹುಡುಗ ಅಡಗಿದ. ಆ ಹುಡುಗನ ಹಿಂದೆ ಊರಿನ ಆರೇಳು ಸಂಬಂಧಿಕರು ಅಡಗಿದರು. ಅವನ ಹೆಸರೇ ಸರಿಯಾಗಿ ಕಾಗದದಲ್ಲಿ ಇಲ್ಲದಿರುವಾಗ ಭಾವನ ಹೆಸರು, ಚಿಕ್ಕಮ್ಮನ ಹೆಸರು ಕೇಳುವವರಾರು? ಕಾನೂನಿನ ಅನಿವಾರ್ಯತೆಯಿಂದ ಹುಟ್ಟಿದ ಅಭ್ಯಾಸ ಕ್ರಮೇಣ ಅನುಕೂಲದ ಅಭ್ಯಾಸವಾಯಿತು.

ಈಗ ಬದಲಾದದ್ದೇನು? ಯುಎಇ 2020ರಲ್ಲಿ ತನ್ನ ವಾಣಿಜ್ಯ ಕಂಪೆನಿಗಳ ಕಾನೂನಿಗೆ ತಿದ್ದುಪಡಿ ತಂದಿತು. 2021ರ ಜೂನ್ 1ರಿಂದ ವಿದೇಶೀಯರು ಮುಕ್ತ ವಲಯದ ಹೊರಗೂ ಹೆಚ್ಚಿನ ವ್ಯವಹಾರಗಳಲ್ಲಿ ನೂರಕ್ಕೆ ನೂರು ಪಾಲು ಹೊಂದುವುದು ಸಾಧ್ಯವಾಯಿತು. ಅಪವಾದಗಳಿವೆ. ರಕ್ಷಣೆ, ಬ್ಯಾಂಕು, ಹಣ ವಿನಿಮಯ, ವಿಮೆ, ದೂರಸಂಪರ್ಕದಂತಹ ಕ್ಷೇತ್ರಗಳನ್ನು ‘ಆಯಕಟ್ಟಿನ ಚಟುವಟಿಕೆ’ಗಳೆಂದು ಪ್ರತ್ಯೇಕಿಸಲಾಗಿದೆ. ಹಜ್ಜ್ ಮತ್ತು ಉಮ್ರಾ ಸೇವೆ ಹಾಗೂ ಕುರ್‌ಆನ್ ಕಂಠಪಾಠ ಕೇಂದ್ರಗಳೂ ಆ ಪಟ್ಟಿಯಲ್ಲಿವೆ. ದುಬೈಯಲ್ಲಿ ಸ್ವಂತ ಉಮ್ರಾ ಕಂಪೆನಿ ತೆರೆಯುತ್ತೇನೆಂದು ಯಾರಾದರೂ ಹಣ ಕೇಳಿದರೆ ಈ ಸಂಗತಿ ನೆನಪಿರಲಿ.

ಒಮಾನ್‌ನಲ್ಲಿ 2019ರ ವಿದೇಶಿ ಬಂಡವಾಳ ಕಾನೂನು 2020ರ ಜನವರಿಯಿಂದ ಜಾರಿಗೆ ಬಂದಿತು. ಕತರ್ 2019ರಲ್ಲಿ ಅಂತಹುದೇ ಕಾನೂನು ತಂದಿತು. ಸೌದಿ ಅರೇಬಿಯವು 2000ದಿಂದಲೇ ಅನೇಕ ಕ್ಷೇತ್ರಗಳಲ್ಲಿ ಪೂರ್ಣ ವಿದೇಶಿ ಒಡೆತನಕ್ಕೆ ಅವಕಾಶ ನೀಡಿತ್ತು, ಆದರೆ ಅದು ಹೂಡಿಕೆ ಪರವಾನಗಿ ಪಡೆದವರಿಗೆ. ನೌಕರನ ಇಕಾಮದಲ್ಲಿರುವವನು ಸೌದಿ ಪ್ರಜೆಯ ಹೆಸರಿನಲ್ಲಿ ಬಖಾಲ ನಡೆಸುವುದು ಅಲ್ಲಿ ಅಪರಾಧ. ‘ತಸತ್ತುರ್’ ವಿರುದ್ಧ 2020ರಲ್ಲಿ ಬಂದ ಕಾನೂನಿನ ಪ್ರಕಾರ ಗರಿಷ್ಠ ಶಿಕ್ಷೆ 5 ವರ್ಷ ಸೆರೆವಾಸ ಮತ್ತು 50 ಲಕ್ಷ ರಿಯಾಲ್ ದಂಡ. ಸರಿಪಡಿಸಿಕೊಳ್ಳಲು ಕೊಟ್ಟಿದ್ದ ಅವಧಿ 2022ರ ಫೆಬ್ರವರಿಯಲ್ಲೇ ಮುಗಿದಿದೆ.

ಈ ಔದಾರ್ಯದ ಕಾರಣವನ್ನು ಅರಿತುಕೊಳ್ಳುವುದು ಒಳ್ಳೆಯದು. 2014ರಲ್ಲಿ ತೈಲ ಬೆಲೆ ಕುಸಿದ ಬಳಿಕ ಕೊಲ್ಲಿಯ ಸರಕಾರಗಳಿಗೆ ಹೊರಗಿನ ಬಂಡವಾಳ ಅಗತ್ಯವಾಯಿತು. ಬಂಡವಾಳಕ್ಕೆ ಬಾಗಿಲು ತೆರೆದಷ್ಟು ವೇಗವಾಗಿ ಬಿಸಿಲಲ್ಲಿ ದುಡಿಯುವವನ ಸಂಕೋಲೆ ಸಡಿಲವಾಗಲಿಲ್ಲ. ಕತರ್‌ನಲ್ಲಿ 2020ರಲ್ಲಿ, ಸೌದಿಯಲ್ಲಿ 2021ರಲ್ಲಿ ಉದ್ಯೋಗ ಬದಲಾವಣೆಯ ನಿರ್ಬಂಧಗಳು ಸಡಿಲಗೊಂಡವು ನಿಜ. ಆದರೂ ಹಣವಿರುವವನಿಗೆ ಕಫೀಲ್ ಬೇಡ, ಬೆವರು ಮಾತ್ರ ಇರುವವನ ವೀಸಾ ಮಾತ್ರ ಮಾಲಿಕನ ಕೈಯಲ್ಲಿ ಎಂಬುದು ಆಲೋಚಿಸಬೇಕಾದ ಸಂಗತಿ.

ಇನ್ನು ಪರವಾನಗಿಯ ಕ್ರಮ. ದುಬೈಯ ಉದಾಹರಣೆ ತೆಗೆದುಕೊಳ್ಳೋಣ. ಮೊದಲು ಯಾವ ಚಟುವಟಿಕೆ ಎಂಬುದನ್ನು ಸರಕಾರದ ಪಟ್ಟಿಯಿಂದ ಆರಿಸಬೇಕು. ಪರವಾನಗಿಯಲ್ಲಿ ನಮೂದಾಗದ ಕೆಲಸ ಮಾಡುವಂತಿಲ್ಲ. ಕಟ್ಟಡ ಶುಚಿಗೊಳಿಸುವ ಪರವಾನಗಿ ಇಟ್ಟುಕೊಂಡು ನೌಕರರನ್ನು ಬೇರೆ ಕಂಪೆನಿಗೆ ಒದಗಿಸುವ ದಂಧೆಗೆ ಇಳಿದರೆ ದಂಡ ಖಂಡಿತ. ಆಮೇಲೆ ವ್ಯಾಪಾರನಾಮ, ಪ್ರಾಥಮಿಕ ಅನುಮೋದನೆ, ಪಾಲುದಾರರ ಒಪ್ಪಂದ ಪತ್ರ, ಕಚೇರಿಯ ಬಾಡಿಗೆ ಕರಾರಿನ ನೋಂದಣಿ ಅಂದರೆ ‘ಇಜಾರಿ’. ಕೆಲಸದ ಸ್ವರೂಪಕ್ಕೆ ತಕ್ಕಂತೆ ನಗರಸಭೆಯ ಅಥವಾ ಸಾರಿಗೆ ಪ್ರಾಧಿಕಾರದ ಅನುಮತಿ. ಇಷ್ಟಾದ ಮೇಲೆ ಪರವಾನಗಿ ಕೈಗೆ ಬರುತ್ತದೆ. ಅಲ್ಲಿಗೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಕಷ್ಟ ಆರಂಭವಾಗುವುದೇ ಆಮೇಲೆ. ವಲಸೆ ಇಲಾಖೆಯ ಕಾರ್ಡು, ಕಾರ್ಮಿಕ ಸಚಿವಾಲಯದಲ್ಲಿ ಕಡತ, ಕಚೇರಿಯ ವಿಸ್ತೀರ್ಣವನ್ನು ನೋಡಿ ನಿಗದಿಯಾಗುವ ವೀಸಾಗಳ ಸಂಖ್ಯೆ, ಎಲ್ಲಕ್ಕಿಂತ ಮಿಗಿಲಾಗಿ ಬ್ಯಾಂಕ್ ಖಾತೆ. ಹೊಸ ಸಣ್ಣ ಕಂಪೆನಿಗೆ ಖಾತೆ ತೆರೆಯಲು ಬ್ಯಾಂಕುಗಳು ಹಣದ ಮೂಲ ಕೇಳುತ್ತವೆ, ವಾರಗಟ್ಟಲೆ ಕಾಯಿಸುತ್ತವೆ, ಕೆಲವೊಮ್ಮೆ ಕಾರಣ ಹೇಳದೆ ನಿರಾಕರಿಸುತ್ತವೆ. ಆ ಅವಧಿಯುದ್ದಕ್ಕೂ ಬಾಡಿಗೆ ಓಡುತ್ತಲೇ ಇರುತ್ತದೆ.

ಮುಕ್ತ ವಲಯದ ಅಗ್ಗದ ಪರವಾನಗಿಯ ಜಾಹೀರಾತುಗಳಿಗೆ ಮರುಳಾಗುವವರು ಬಹಳ. 1985ರಲ್ಲಿ ಜಬಲ್ ಅಲಿಯಲ್ಲಿ ಆರಂಭವಾದ ಈ ವಲಯಗಳಲ್ಲಿ ಪೂರ್ಣ ವಿದೇಶಿ ಒಡೆತನಕ್ಕೆ ಮೊದಲಿನಿಂದಲೂ ಅವಕಾಶವಿದೆ. ಆದರೆ ಆ ವಲಯದ ಪರವಾನಗಿಯೊಂದನ್ನೇ ಹಿಡಿದುಕೊಂಡು, ಪ್ರತ್ಯೇಕ ಅನುಮತಿಯಿಲ್ಲದೆ, ದೇರಾದ ಮನೆಗಳಿಗೆ ಹೋಗಿ ಎ.ಸಿ. ದುರಸ್ತಿ ಮಾಡುವಂತಿಲ್ಲ. ಸೇವಾ ಕಂಪೆನಿಗೆ ಗ್ರಾಹಕ ಎಲ್ಲಿದ್ದಾನೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಅಗ್ಗ ಎಂಬುದು ಎರಡನೆಯದು.

ತೆರಿಗೆಯಿಲ್ಲದ ನಾಡು ಎಂಬ ನಂಬಿಕೆಯೂ ಹಳೆಯದಾಯಿತು. 2018ರ ಜನವರಿಯಿಂದ ಶೇ. 5ರ ಮೌಲ್ಯವರ್ಧಿತ ತೆರಿಗೆ ಇದೆ. 2023ರ ಜೂನ್ 1ರಿಂದ ಆರಂಭವಾಗುವ ಲೆಕ್ಕ ವರ್ಷಗಳಿಗೆ ಕಂಪೆನಿಗಳ ಲಾಭದ ಮೇಲೆ ಶೇ. 9ರ ತೆರಿಗೆ ಬಂದಿದೆ. ಮೊದಲನೆಯದರಲ್ಲಿ ವಹಿವಾಟು 3,75,000 ದಿರ್ಹಮ್ ದಾಟಿದಾಗ ನೋಂದಣಿ ಕಡ್ಡಾಯ. ಎರಡನೆಯದರಲ್ಲಿ ಲಾಭ 3,75,000 ದಿರ್ಹಮ್ ದಾಟಿದ ಭಾಗಕ್ಕೆ ತೆರಿಗೆ. ಎರಡೂ ಕಡೆ ಅಂಕಿ ಒಂದೇ ಆದುದರಿಂದ ಗೊಂದಲ ಸಹಜ. ಒಂದು ವಹಿವಾಟಿನ ಅಂಕಿ, ಇನ್ನೊಂದು ಲಾಭದ್ದು. ಲಾಭವೇ ಇಲ್ಲದಿದ್ದರೂ ಕಂಪೆನಿ ತೆರಿಗೆಗೆ ನೋಂದಾಯಿಸಿಕೊಳ್ಳಬೇಕು.

ಇಲ್ಲಿಂದ ಹಣ ಕಳುಹಿಸುವವರಿಗೆ ಒಂದು ಮಾತು. ಭಾರತದಲ್ಲಿ ವಾಸಿಸುವ ವ್ಯಕ್ತಿಯೊಬ್ಬರು ರಿಸರ್ವ್ ಬ್ಯಾಂಕಿನ ನಿಯಮದಂತೆ ಆರ್ಥಿಕ ವರ್ಷವೊಂದರಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಅಲ್ಲಿನ ಕಂಪೆನಿಯಲ್ಲಿ ಪಾಲು ಪಡೆಯುವುದಾದರೆ 2022ರ ಆಗಸ್ಟ್‌ನಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳು ಅನ್ವಯಿಸುತ್ತವೆ. ಬ್ಯಾಂಕಿನ ಮೂಲಕ ಅರ್ಜಿ, ರಿಸರ್ವ್ ಬ್ಯಾಂಕಿನಿಂದ ಒಂದು ಗುರುತಿನ ಸಂಖ್ಯೆ, ಪಾಲು ಪತ್ರದ ಸಲ್ಲಿಕೆ, ಆಮೇಲೆ ವರ್ಷ ವರ್ಷವೂ ವರದಿ ಇವೆಲ್ಲ ಇವೆ. ಕಿರಿಕಿರಿಯೇ ಸರಿ. ಆದರೆ ‘ಸಂಬಂಧಿಕರ ಜೀವನ ನಿರ್ವಹಣೆಗೆ’ ಎಂದು ಬರೆದು ಕಳುಹಿಸಿದ ಹಣ ನಾಳೆ ಪಾಲು ಬಂಡವಾಳವೆಂದು ಸಾಬೀತಾಗುವುದು ಹೇಗೆ? ಹುಂಡಿಯ ಮೂಲಕ ಹೋದ ಹಣದ ಕತೆಯಂತೂ ಇನ್ನೂ ಕೆಟ್ಟದ್ದು. ಅದು ಕಾನೂನುಬಾಹಿರ. ಮೋಸವಾದರೆ ದೂರು ಕೊಡಲು ಹೋದವನೇ ಮೊದಲು ಉತ್ತರ ಹೇಳಬೇಕಾಗುತ್ತದೆ.

ಬರೆಯಿಸಿಕೊಳ್ಳಿ ಎಂದಾಗ ನಮ್ಮಲ್ಲಿ ಬರುವ ಉತ್ತರ ಎಲ್ಲರಿಗೂ ಗೊತ್ತು. ‘ಸ್ವಂತ ತಮ್ಮನ ಹತ್ತಿರ ಕಾಗದ ಕೇಳುವುದೇ? ನಂಬಿಕೆ ಇಲ್ಲವೇ?’ ಸಹೋದರರೇ, ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದರ ಕುರಿತಾಗಿದೆ? ನಮಾಝ್, ಉಪವಾಸಗಳ ಕುರಿತಲ್ಲ. ಅಲ್ ಬಕರ ಅಧ್ಯಾಯದ 282ನೆಯ ಆ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ, ಬರೆಯುವವನು, ಸಾಕ್ಷಿಗಳು, ಅವಧಿ ಇವುಗಳ ಕುರಿತಾಗಿದೆ. ಇದನ್ನು ಸತ್ಯವಿಶ್ವಾಸಿಗಳಿಗೇ ಹೇಳಲಾಗಿದೆ. ಪರಸ್ಪರ ನಂಬಿಕೆಯಿರುವ ಸಮಾಜಕ್ಕೇ ಈ ಆದೇಶ ಬಂದಿತೆಂದ ಮೇಲೆ ಕಾಗದ ಕೇಳುವುದನ್ನು ಅವಮಾನವೆಂದು ಭಾವಿಸುವ ಹಕ್ಕು ನಮಗೆ ಎಲ್ಲಿಂದ ಬಂತು?

ಹಂಪಿಯ ಮಗ್ಗುಲಲ್ಲೇ ಬದುಕುವ ನಮಗೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ವಿಜಯನಗರದ ಅರಸರಿಗೆ ಕುದುರೆಗಳು ಹೊರ್ಮುಜ್ ಮತ್ತು ಏಡನ್‌ಗಳಿಂದ ಸಮುದ್ರ ದಾಟಿ ಬರುತ್ತಿದ್ದವು. ಇಂದು ನಾವು ಅತ್ತ ಹೋಗುತ್ತಿದ್ದೇವೆ, ಅಂದು ಅತ್ತಲಿನ ವರ್ತಕರು ಇತ್ತ ಬರುತ್ತಿದ್ದರು. ಸಾಳುವ ನರಸಿಂಹನ ಕುರಿತು ಪೋರ್ಚುಗೀಸ್ ಪ್ರವಾಸಿ ನೂನಿಜ್ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ವರ್ತಕರಿಗೆ ನಷ್ಟವಾಗಬಾರದೆಂದು ಸಮುದ್ರದಲ್ಲಿ ಸತ್ತ ಕುದುರೆಗೂ ಅರಸ ಬೆಲೆ ಕೊಡುತ್ತಿದ್ದನಂತೆ. ಆದರೆ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಬೇಕಿತ್ತು. ಅಷ್ಟು ಉದಾರಿಯಾದ ಅರಸನೂ ಬರೀ ಮಾತಿಗೆ ಹಣ ಕೊಡಲಿಲ್ಲ.

ಪ್ರವಾದಿ ಮುಹಮ್ಮದ್(ಸ)ರು ಪ್ರವಾದಿತ್ವಕ್ಕೆ ಮುನ್ನ ಹಝ್ರತ್ ಖದೀಜ(ರ)ರ ಸರಕನ್ನು ಸಿರಿಯಕ್ಕೆ ಒಯ್ದು ವ್ಯಾಪಾರ ಮಾಡಿದ್ದರು. ಬಂಡವಾಳ ಒಬ್ಬ ಮಹಿಳೆಯದು, ಶ್ರಮ ಇನ್ನೊಬ್ಬರದು. ಮುದಾರಬ ಎಂದು ನಮ್ಮ ಫಿಕ್ಹ್ ಗ್ರಂಥಗಳು ಕರೆಯುವ ಪಾಲುದಾರಿಕೆಯ ಸ್ವರೂಪ ಇದು. ಅದರಲ್ಲಿ ಲಾಭ ಅನುಪಾತದಲ್ಲಿ ಹಂಚಿಕೆಯಾಗಬೇಕು. ದುಡಿಯುವವನ ನಿರ್ಲಕ್ಷ್ಯವಿಲ್ಲದೆ ನಷ್ಟವಾದರೆ ಅದನ್ನು ಬಂಡವಾಳ ಹಾಕಿದವರು ಹೊರಬೇಕು. ತಿಂಗಳಿಗೆ ಲಕ್ಷಕ್ಕೆ ಇಂತಿಷ್ಟು ಸಾವಿರ ಖಚಿತ ಎಂದು ಯಾರಾದರೂ ಹೇಳಿದರೆ ಅದು ಮುದಾರಬವಲ್ಲ, ಅದಕ್ಕೆ ಯಾವ ಅರಬಿ ಹೆಸರಿಟ್ಟರೂ ಅಲ್ಲ. ಬೆಂಗಳೂರಿನ ಐಎಂಎಯನ್ನು ನೆನಪಿಸಿಕೊಳ್ಳಿ. ಹಲಾಲ್ ಹೂಡಿಕೆಯೆಂದು ನಂಬಿ ಹಣ ಹಾಕಿದ ಸಾವಿರಾರು ಮುಸ್ಲಿಮ್ ಕುಟುಂಬಗಳನ್ನು ಪಾಲುದಾರರೆಂದೇ ಕರೆಯಲಾಗಿತ್ತು. 2019ರ ಜೂನ್‌ನಲ್ಲಿ ಅದರ ಸ್ಥಾಪಕ ದುಬೈಗೆ ಹೋಗಿ ಕುಳಿತ, ಜುಲೈ 19ರಂದು ದಿಲ್ಲಿಯಲ್ಲಿ ಬಂಧನಕ್ಕೊಳಗಾದ. ಯಾವ ಪಾಲುದಾರನೂ ಅದರ ಲೆಕ್ಕದ ಪುಸ್ತಕವನ್ನು ಕಣ್ಣಾರೆ ಕಂಡವನಲ್ಲ. ದೊಡ್ಡವರ ಕಂಪೆನಿಗಳಲ್ಲೂ ಇದೇ ಕತೆ. ಉಡುಪಿ ಮೂಲದ ಬಿ.ಆರ್. ಶೆಟ್ಟರು 1975ರಲ್ಲಿ ಅಬುಧಾಬಿಯಲ್ಲಿ ಆರಂಭಿಸಿದ ಎನ್‌ಎಂಸಿ ಆಸ್ಪತ್ರೆ ಸಮೂಹ, ಲೆಕ್ಕದಲ್ಲಿ ತೋರಿಸದ 400 ಕೋಟಿ ಡಾಲರಿಗೂ ಮಿಕ್ಕಿದ ಸಾಲ ಬಯಲಾಗಿ 2020ರಲ್ಲಿ ಕುಸಿಯಿತು. ಅದರಲ್ಲಿ ತಪ್ಪು ಯಾರದ್ದೆಂಬ ವ್ಯಾಜ್ಯ ಬೇರೆಯೇ ಇದೆ.

ಅತ್ಯಂತ ನೋವಿನ ಪ್ರಸಂಗ ಮರಣದ್ದು. ಒಡೆಯನೆಂದು ಕಾಗದದಲ್ಲಿರುವ ವ್ಯಕ್ತಿ ಅಲ್ಲಿ ಹಠಾತ್ತನೆ ತೀರಿಕೊಂಡರೆ ಬ್ಯಾಂಕ್ ಖಾತೆ ಸ್ತಬ್ಧವಾಗುತ್ತದೆ. ವಾರಸುದಾರರು ಯಾರೆಂದು ಅಲ್ಲಿನ ನ್ಯಾಯಾಲಯ ತೀರ್ಮಾನಿಸಬೇಕು. ಅದಕ್ಕೆ ಇಲ್ಲಿನ ದಾಖಲೆಗಳು ದೃಢೀಕರಣಗೊಂಡು, ಅರಬಿಗೆ ಭಾಷಾಂತರವಾಗಿ ಹೋಗಬೇಕು. ಅಷ್ಟರಲ್ಲಿ ಪರವಾನಗಿಯ ನವೀಕರಣದ ದಿನ ದಾಟುತ್ತದೆ, ದಂಡ ಏರುತ್ತದೆ. ಹೆಂಡತಿ ಮಕ್ಕಳಿಗಾದರೂ ಕೊನೆಗೆ ಏನಾದರೂ ದಕ್ಕೀತು. ಬರಹವಿಲ್ಲದೆ ಹಣ ಕೊಟ್ಟ ಅಕ್ಕ, ಭಾವ, ನೆರೆಮನೆಯವರು ಪಾಲುದಾರರೂ ಅಲ್ಲ, ವಾರಸುದಾರರೂ ಅಲ್ಲ. ವಾರಸುಪಾಲಿಗಿಂತ ಮೊದಲು ಮೃತನ ಸಾಲ ತೀರಬೇಕೆಂಬುದು ಅಲ್ಲಾಹನ ನಿಯಮ. ಜನಾಝದ ವೇಳೆ ಮಗ ಎದ್ದು ನಿಂತು, ನನ್ನ ತಂದೆ ಯಾರಿಗಾದರೂ ಕೊಡಬೇಕಿದ್ದರೆ ನನ್ನನ್ನು ಕಾಣಿ ಎಂದು ಹೇಳುವ ಸಂಪ್ರದಾಯ ನಮ್ಮಲ್ಲಿದೆ. ಆದರೆ ಹೊಸಪೇಟೆಯಲ್ಲಿ ಇಪ್ಪತ್ತರ ಆ ಹುಡುಗನಿಗೆ ಶಾರ್ಜಾದ ಕಂಪೆನಿಯಲ್ಲಿ ಅತ್ತೆಯ ಹತ್ತು ಲಕ್ಷ ಇತ್ತೆಂದು ಗೊತ್ತಾಗುವುದು ಹೇಗೆ? ಅವನು ಅಪ್ರಾಮಾಣಿಕನಲ್ಲ, ಅವನಿಗೆ ತಿಳಿದೇ ಇಲ್ಲ. ಎರಡು ಕುಟುಂಬಗಳ ನಡುವೆ ಸಲಾಮ್ ನಿಂತುಹೋಗುವುದು ಹೀಗೆಯೇ.

ಕಂಪೆನಿ ನೆಲೆಗೊಂಡ ಮೇಲೆ ನಮ್ಮವನೇ ಮಾಲಿಕನಾಗುತ್ತಾನೆ. ಆಗ ಅವನು ಹೇಗೆ ನಡೆದುಕೊಳ್ಳುತ್ತಾನೆ? ಊರಿನ ಹುಡುಗರಿಗೆ ವೀಸಾ ಕೊಡುವಾಗ ಲಕ್ಷ, ಒಂದೂವರೆ ಲಕ್ಷ ತೆಗೆದುಕೊಳ್ಳುವುದನ್ನು ಉಪಕಾರವೆಂದೇ ತಿಳಿಯಲಾಗುತ್ತಿದೆ. ಯುಎಇಯ 2021ರ ಕಾರ್ಮಿಕ ಕಾನೂನು ನೇಮಕಾತಿಯ ವೆಚ್ಚವನ್ನು ನೌಕರನಿಂದ ವಸೂಲು ಮಾಡುವುದನ್ನು ನಿಷೇಧಿಸಿದೆ. ಭಾರತದಲ್ಲೂ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಮಾತ್ರ. ಹದಿನೈದು ವರ್ಷ ಕಫೀಲನ ದಬ್ಬಾಳಿಕೆಯನ್ನು ಶಪಿಸಿದವನು ಮಾಲಿಕನಾದ ಮರುವರ್ಷವೇ ನೌಕರನ ಪಾಸ್‌ಪೋರ್ಟನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಂಡರೆ ನಾವು ಯಾರನ್ನು ದೂರೋಣ?

ಸಂಡೂರಿನ ಸಹೋದರರು ಇಲ್ಲಿದ್ದಾರೆ. 2011ರ ಜುಲೈನಲ್ಲಿ ಸುಪ್ರೀಮ್ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿದಾಗ ಲಾರಿಗಳು ಸಾಲಾಗಿ ನಿಂತದ್ದನ್ನು ಅವರು ಕಂಡವರು. ಅಕ್ರಮಕ್ಕೆ ತಡೆ ಬೇಕಿತ್ತು, ಸಂದೇಹವಿಲ್ಲ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಆಮೇಲೆ ಸಾವಿರಾರು ಕೋಟಿ ರೂಪಾಯಿ ಸಂಗ್ರಹವಾಗಿದೆ. ಅದರಲ್ಲಿ ಈ ಭಾಗದ ಯುವಕರ ಕೈಗೆ ಕಸುಬು ಕೊಡಲು ಎಷ್ಟು ವಿನಿಯೋಗವಾಗಿದೆ ಎಂದು ನಮ್ಮ ಜನಪ್ರತಿನಿಧಿಗಳನ್ನು ಕೇಳಬೇಕಲ್ಲವೇ? ಗದ್ದೆ ಮಾರಿ ಅಜ್ಮಾನ್‌ನಲ್ಲಿ ಕಂಪೆನಿ ತೆರೆಯುವ ಅನಿವಾರ್ಯತೆ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೂ ಈ ಪ್ರಶ್ನೆಗೂ ಸಂಬಂಧವಿದೆ.

ಇನ್ನು ಮಾಡಬೇಕಾದದ್ದು. ಹಣ ಕೇಳಿದವರೊಡನೆ ಪರವಾನಗಿಯ ಪ್ರತಿ ಕೇಳಿ. ಯುಎಇಯ ಪರವಾನಗಿಗಳನ್ನು ಅಲ್ಲಿನ ರಾಷ್ಟ್ರೀಯ ಆರ್ಥಿಕ ನೋಂದಣಿಯ ಜಾಲತಾಣದಲ್ಲಿ ಯಾರೂ ಪರಿಶೀಲಿಸಬಹುದು, ಕಾಲೇಜಿಗೆ ಹೋಗುವ ನಿಮ್ಮ ಮಗಳೇ ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾಳೆ. ಪಾಲುದಾರರ ಒಪ್ಪಂದ ಪತ್ರದಲ್ಲಿ ನಿಮ್ಮ ಹೆಸರಿದೆಯೇ ನೋಡಿ. ಹೆಸರು ಸೇರಿಸಲು ಆಗದಿದ್ದರೆ ಅದು ಪಾಲು ಬಂಡವಾಳವಲ್ಲ, ಸಾಲ. ಆಗ ಸಾಲವೆಂದೇ ಬರೆಯಿಸಿಕೊಳ್ಳಿ, ಮರುಪಾವತಿಯ ದಿನಾಂಕ ಹಾಕಿಸಿ. ಹಣ ಯಾರದೋ ಕರಾರಿನಲ್ಲಿ ಅವರದೇ ಹೆಸರಿರಲಿ. ಅಮ್ಮನ ಚಿನ್ನಕ್ಕೆ ಅಪ್ಪನ ಹೆಸರು ಬೇಡ.

ಕನ್ನಡ ಮತ್ತು ಉರ್ದುವಿನಲ್ಲಿ ಸಿದ್ಧಪಡಿಸಿದ ಒಂದು ಪುಟದ ಕರಾರಿನ ಮಾದರಿಯನ್ನು ಹೊರಬಾಗಿಲ ಬಳಿಯ ಮೇಜಿನ ಮೇಲೂ ಸಹೋದರಿಯರ ವಿಭಾಗದಲ್ಲೂ ಇಡಲಾಗಿದೆ. ಅದನ್ನು ಒಬ್ಬ ವಕೀಲರಿಗೆ ತೋರಿಸಿಯೇ ಛಾಪಾ ಕಾಗದದ ಮೇಲೆ ಬರೆಯಿಸಿ. ಈಗಾಗಲೇ ಬಾಯಿಮಾತಿನಲ್ಲಿ ಹಣ ಕೊಟ್ಟವರೂ ಇದನ್ನು ಬಳಸಬಹುದು. ಹಳೆಯ ದಿನಾಂಕ ಮಾತ್ರ ಹಾಕಬೇಡಿ. ಬರೆಯುವ ದಿನದ ದಿನಾಂಕವನ್ನೇ ಹಾಕಿ, ಹಣ ಕೊಟ್ಟ ದಿನವನ್ನು ಮತ್ತು ಕೊಟ್ಟ ರೀತಿಯನ್ನು ಒಳಗೆ ನಮೂದಿಸಿ, ರಜೆಯಲ್ಲಿ ಊರಿಗೆ ಬಂದಾಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿಸಿಕೊಳ್ಳಿ.